ಯುದ್ಧದ ಪುಸ್ತಕದ ಅರ್ಧ ಹೂವು

ಅಚ್ಚಿನಲ್ಲಿ ತನ್ನ ಹೆಸರು ನೋಡಬೇಕೆಂಬ ಆಸೆ ಒಂದು ಬಗೆಯ ತುರಿಕೆ. ಕೆರೆದುಕೊಂಡಷ್ಟೂ ಹಿತ, ಹಿತವಾದಷ್ಟೂ ಹೆಚ್ಚು. ಕೆಲವರಿಗೆ ಅದು ಲಗ್ನಪತ್ರಿಕೆಯ 'ಸುಖಾಗಮನ ಬಯಸುವವರು' ಪಟ್ಟಿಯಲ್ಲೇ ವಾಸಿಯಾಗಿಬಿಡುತ್ತದೆ. ಇನ್ನು ಕೆಲವರು ಬಸ್ ನಿಲ್ದಾಣದ ಕಲ್ಲುಬೆಂಚಿನ ಬೆನ್ನಿಗೆ ಹೆಸರು ಕೆತ್ತಿಸಿ, ಅದರ ಮೇಲೆ ಊರ ಜನವೆಲ್ಲ ಒರಗಿ ಕೂತು ಬೆವರು ಒರೆಸಿದರೂ ಸಂತೋಷದಿಂದಿರುತ್ತಾರೆ. ನನ್ನ ತುರಿಕೆ ಸ್ವಲ್ಪ ಬೇರೆ ಜಾತಿಯದು. ನಾನು ತೆಗೆದ ಫೋಟೋ ಪೇಪರಿನಲ್ಲಿ ಬರಬೇಕು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಚಿತ್ರ:' ಎಂದು ಹಾಕಿ ನನ್ನ ಹೆಸರಿರಬೇಕು. ಇಷ್ಟೇ. ಈ 'ಇಷ್ಟೇ'ಗಾಗಿ ನಾನು ಮಾಡಿದ ಒಂದು ಘನಂದಾರಿ ಕೆಲಸವನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಈಗ ಹೇಳಿಬಿಡುತ್ತೇನೆ.

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಪಕ್ಕದಲ್ಲೇ ಶೇಂಗಾ ಎಣ್ಣೆಯ ಗಿರಣಿ. ನನ್ನಲ್ಲಿ ಫೋಟೋ ತೆಗೆಸಿಕೊಂಡವರು ಮನೆಗೆ ಹೋಗಿ ಫೋಟೋ ಮೂಸಿ ನೋಡಿ, 'ಒಗ್ಗರಣೆ ವಾಸನೆ ಬರ್ತೈತಲ್ಲ' ಎಂದು ಆಶ್ಚರ್ಯಪಡುತ್ತಿದ್ದುದುಂಟು. ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣಗಳ ನಡುವೆ ನಾನು ಚಿತ್ರದುರ್ಗದಿಂದ ಹೊರಡುವ ಒಂದು ಜಿಲ್ಲಾ ಪತ್ರಿಕೆಗೆ ಸುದ್ದಿಯ ಫೋಟೋಗಳನ್ನೂ ಕಳಿಸುತ್ತಿದ್ದೆ. ಕತ್ತಲೆ ಕೋಣೆಯಲ್ಲಿ ತೊಳೆದು, ಒಣಗಿಸಿ, ಕವರಿಗೆ ಹಾಕಿ, ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕೈಮುಗಿದರೆ ಮಾರನೆಯ ಬೆಳಿಗ್ಗೆ ಪೇಪರಿನಲ್ಲಿ. ಟೇಪು ಕತ್ತರಿಸುವ ಚಿತ್ರವಾದರೆ ಅದರಲ್ಲಿ ನಿಂತ ಒಂಬತ್ತು ಜನರ ಹೆಸರೂ ಇರುತ್ತಿತ್ತು, ಕತ್ತರಿಯ ತಟ್ಟೆ ಹಿಡಿದವನದೂ ಸೇರಿ. ತೆಗೆದವನದು ಮಾತ್ರ ಇಲ್ಲ. ಹಬ್ಬಕ್ಕೊಂದರಂತೆ ಸಂಪಾದಕರಿಗೆ ಪತ್ರ ಬರೆದೆ. 'ಶ್ರಮಿಸಿದವನ ಹೆಸರನ್ನು ನುಂಗಿಹಾಕುವುದು ಕಳ್ಳತನಕ್ಕೆ ಸಮ' ಎಂದು ಕೂಡ ಒಂದು ಯುಗಾದಿಗೆ ಬರೆದಿದ್ದೆ. ಈ ವಾಕ್ಯವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಮುಂದೆ ಮರೆಯಲಿದ್ದೇನೆ. ಸಂಪಾದಕರು ಪ್ರತಿ ಸಲವೂ ಫೋನಿನಲ್ಲಿ ಒಂದೇ ಉತ್ತರ ಕೊಡುತ್ತಿದ್ದರು: "ಜಾಗ ಇಲ್ಲ ಕಣ್ರೀ."

ಇಂಥ ನನಗೆ ದೇವರ ಹಾಗೆ ಸಿಕ್ಕಿದ್ದು ಮೂರು ಪುಸ್ತಕಗಳು. ಬ್ಯಾಂಕಿಗೆ ಉತ್ತರದ ಕಡೆಯ ಒಬ್ಬ ಅಧಿಕಾರಿ ಬಂದಿದ್ದರು. ವರ್ಗವಾಗಿ ಹೋಗುವಾಗ ಸಾಮಾನು ಭಾರವಾಯಿತೆಂದು ಒಗೆಯುವ ಕಲ್ಲು, ತುಳಸಿಕಟ್ಟೆ ಮತ್ತು ಈ ಮೂರು ಪುಸ್ತಕಗಳನ್ನು ಇಲ್ಲೇ ಬಿಟ್ಟರು. ಕಲ್ಲನ್ನೂ ಕಟ್ಟೆಯನ್ನೂ ನೆರೆಯವರು ತೆಗೆದುಕೊಂಡರು, ಪುಸ್ತಕಗಳು ನನ್ನ ಪಾಲಿಗೆ ಬಂದವು. ಮೂರೂ ದೆಹಲಿಯ ಒಬ್ಬ ದೊಡ್ಡ ಪತ್ರಿಕಾ ಛಾಯಾಗ್ರಾಹಕರವು. ಅವರನ್ನು ಇಲ್ಲಿ ಸಾಹೇಬರು ಎಂದೇ ಕರೆಯುತ್ತೇನೆ. ಒಂದು ಪುಸ್ತಕ ಕಲೆಯದು, ಒಂದು ಯುದ್ಧದ್ದು, ಒಂದು ರಾಜಕೀಯದ್ದು. ಒಂದೊಂದೂ ಮುದ್ದೆಯ ಮಣೆಯಷ್ಟು ಅಗಲ, ಮೂರು ಸೇರಿದರೆ ಎಳೆಮಗುವಿನಷ್ಟು ತೂಕ. ಪುಟಕ್ಕೊಂದು ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು, ಅಷ್ಟೇ. ನಾನು ಆ ಪುಟಗಳನ್ನು ಎಷ್ಟು ಸಲ ತಿರುವಿದ್ದೇನೆಂದರೆ, ಯಾವ ಪುಟದ ಎದುರಿಗೆ ಯಾವುದು ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಬೆಳಕು ಎಡದಿಂದ ಬಂತೋ, ಬಲದಿಂದಲೋ, ಮುಖ ಚೌಕಟ್ಟಿನ ಎಲ್ಲಿ ಕೂತಿದೆ, ಎಲ್ಲ ಬಾಯಿಪಾಠ. ಚಳ್ಳಕೆರೆಯಲ್ಲಿ ನಾನು ತೆಗೆಯುತ್ತಿದ್ದುದೂ ಅದೇ ಮೂರು ವಿಷಯಗಳೇ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು. ಶಾಲಾ ವಾರ್ಷಿಕೋತ್ಸವ ಕಲೆ, ಬೀದಿ ನಲ್ಲಿಯ ಮುಂದಿನ ಬಿಂದಿಗೆ ಸಾಲು ಯುದ್ಧ, ಉಳಿದದ್ದೆಲ್ಲ ರಾಜಕೀಯ.

ಪುಸ್ತಕಗಳನ್ನು ನಾನು ಪೂಜೆಗಿಟ್ಟಿದ್ದೆ ಎಂದುಕೊಳ್ಳಬೇಡಿ. ಅವು ದುಡಿಯುತ್ತಿದ್ದವು. ವರನ ಕಡೆಗೆ ಕಳಿಸಲು ಹೆಣ್ಣುಮಕ್ಕಳ ಫೋಟೋ ತೆಗೆಸಲು ಬಂದವರು, "ಓದಿದ ಹುಡುಗಿ ಅಂತ ಕಾಣಂಗೆ ತೆಗೀರಿ" ಎನ್ನುವರು. ಮೊದಲು ಪ್ಲಾಸ್ಟಿಕ್ ಹೂದಾನಿಯ ಪಕ್ಕ ನಿಲ್ಲಿಸುತ್ತಿದ್ದೆ. ಪುಸ್ತಕ ಬಂದ ಮೇಲೆ ಒಂದನ್ನು ಕೈಗೆ ಕೊಟ್ಟು ನಿಲ್ಲಿಸತೊಡಗಿದೆ. ರಾಜಕೀಯದ ರಟ್ಟು ಕೆಂಪು, ಕಣ್ಣಿಗೆ ಹೊಡೆಯುತ್ತಿತ್ತು. ಕಲೆಯ ರಟ್ಟಿನ ಮೇಲೆ ಗಡ್ಡದ ಮುದುಕನೊಬ್ಬನಿದ್ದ, ಅವನೇ ವರನೆಂದು ಯಾರಾದರೂ ತಿಳಿದರೆ ಕಷ್ಟ. ಯುದ್ಧದ ರಟ್ಟೊಂದೇ ಗಂಭೀರವಾದ ಕಪ್ಪು. ಹೀಗಾಗಿ ನಮ್ಮ ತಾಲ್ಲೂಕಿನ ಎಷ್ಟೋ ದಾಂಪತ್ಯಗಳು ಯುದ್ಧದ ಪುಸ್ತಕದ ಮೇಲೆ ಕೈಯಿಟ್ಟೇ ಶುರುವಾಗಿವೆ. ಮುಂದಿನದಕ್ಕೆ ನಾನು ಜವಾಬ್ದಾರನಲ್ಲ.

ಈಗ ಕದಿರಪ್ಪ ಮಾವನ ವಿಷಯಕ್ಕೆ ಬರೋಣ. ಅವರು ನನ್ನ ಹೆಂಡತಿ ಸುಮಿತ್ರಳ ಸೋದರಮಾವ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಮಗ್ಗದ ಮುಂದೆ ಕೂತರೆ ಎರಡೂ ಇಲ್ಲ, ಬರೀ ಹೂಂ. ಚಳ್ಳಕೆರೆಯ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲಿ ಒಂದು ವಾರ ಇದ್ದರು. ಕಣ್ಣಿಗೆ ಶ್ರಮ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ಬಹಳ ದಿನದ ಮೇಲೆ ಲೋಕ ನಿಚ್ಚಳವಾಗಿ ಕಂಡವರು ಸುಮ್ಮನಿರುವುದು ಹೇಗೆ? ಗೋಡೆಯ ಬಿರುಕು, ಕ್ಯಾಲೆಂಡರಿನ ದೇವರ ಜರಿ, ನನ್ನ ಕಿವಿಯ ಕೂದಲು, ಎಲ್ಲವನ್ನೂ ನೋಡಿ ಮುಗಿಸಿ ಕೊನೆಗೆ ಮೂರು ಪುಸ್ತಕಗಳಿಗೆ ಕೈಹಾಕಿದರು. ಕಲೆಯದನ್ನು ಎರಡು ನಿಮಿಷದಲ್ಲಿ ಮಡಚಿದರು.

"ಇದರಾಗೆ ಬರೀ ಮಂದಿ ಚಿತ್ರ ಬರೀತಾ ಕುಂತವ್ರೆ. ಬರೆದಿದ್ದು ಸರಿಯಾಗಿ ತೋರ್ಸಲ್ಲ, ಬರಿಯೋರ ಗಡ್ಡ ತೋರಿಸ್ತಾನೆ."

ರಾಜಕೀಯದ್ದನ್ನು ಪೂರ್ತಿ ತಿರುವಿ ಹಾಕಿ ನಿಟ್ಟುಸಿರು ಬಿಟ್ಟರು. "ಏನ್ರಿ ಅಳಿಯಂದ್ರೇ, ಇಡೀ ಪುಸ್ತಕದಾಗೆ ಎಲ್ಲಾರದೂ ಬಿಳೀ ಬಟ್ಟೆ. ಒಬ್ಬನಿಗಾದ್ರೂ ಒಂದು ನೆಟ್ಟಗಿನ ಅಂಚಿಲ್ಲ!"

ಯುದ್ಧದ್ದನ್ನು ತೆರೆದವರು ಒಂದು ಪುಟದ ಮೇಲೆ ಬಗ್ಗಿ ಕೂತರು. ನಾನು ಸ್ಟುಡಿಯೋಗೆ ಹೋದೆ. ಅವರು ಊರಿಗೆ ಹೊರಡುವಾಗ ಆ ಪುಸ್ತಕವನ್ನು ಟವಲಿನಲ್ಲಿ ಸುತ್ತಿಕೊಂಡು ಹೋದರಂತೆ, ಸುಮಿತ್ರಾ ಕೊಟ್ಟಳಂತೆ. ನನ್ನನ್ನು ಒಂದು ಮಾತು ಕೇಳಬೇಡವೇ ಎಂದರೆ, "ನೀವು ಊರಿನ ಹುಡುಗೀರಿಗೆಲ್ಲ ಕೊಡ್ತೀರಲ್ಲ, ನಮ್ಮ ಮಾವಂಗೆ ಕೊಟ್ರೆ ಏನಾತು?" ಎಂದಳು. ಈ ಪ್ರಶ್ನೆಗೆ ಉತ್ತರ ಇದೆ. ಆದರೆ ಹೇಳುವ ಧೈರ್ಯವಿರುವ ಗಂಡಸು ನಮ್ಮ ಬೀದಿಯಲ್ಲಿ ಇಲ್ಲ.

ಮೂರು ತಿಂಗಳು ಕಳೆಯಿತು. ಒಂದು ಬುಧವಾರ ಸಂಪಾದಕರ ಫೋನು ಬಂತು. ದೆಹಲಿಯ ಆ ಸಾಹೇಬರು ನಾಲ್ಕನೇ ಪುಸ್ತಕ ಮಾಡುತ್ತಿದ್ದಾರೆ, ಹುಲ್ಲುಗಾವಲು ಮತ್ತು ದನಗಾಹಿಗಳ ಬಗ್ಗೆ. ಶನಿವಾರ ಚಳ್ಳಕೆರೆ ಹತ್ತಿರದ ವರವು ಕಾವಲ್ ಎಂಬ ಹುಲ್ಲುಗಾವಲು ನೋಡಲು ಬರುತ್ತಾರೆ. ನೀವೇ ಜೊತೆಗಿದ್ದು ತೋರಿಸಿ, ಮಧ್ಯಾಹ್ನ ಊಟ ಹಾಕಿಸಿ ಎಂದರು. ಮೂರು ಪುಸ್ತಕಗಳ ಮೇಲೆ ಅವರ ಸಹಿ! ಅದಕ್ಕಿಂತ ಮುಖ್ಯವಾಗಿ ನಾನು ತೆಗೆದ ಹತ್ತು ಅತ್ಯುತ್ತಮ ಚಿತ್ರಗಳ ಆಲ್ಬಮ್ ಅವರ ಕಣ್ಣಿಗೆ ಬೀಳುವುದು. 'ಇಷ್ಟು ದಿನ ಎಲ್ಲಿದ್ದಿರಿ?' ಎಂದು ಅವರು ಕೇಳುವುದೂ, ನಾನು ಸಂಕೋಚದಿಂದ 'ಬಳ್ಳಾರಿ ರಸ್ತೆಯಲ್ಲಿ' ಎನ್ನುವುದೂ ಕಣ್ಣಮುಂದೆ ಬಂತು. ಆದರೆ ಮೂರರಲ್ಲಿ ಒಂದು ಪುಸ್ತಕ ಮೊಳಕಾಲ್ಮೂರಿನಲ್ಲಿತ್ತು.

ಗುರುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ತಳಕು, ಬಿ.ಜಿ.ಕೆರೆ ದಾಟಿ, ಬಂಡೆಗುಡ್ಡಗಳು ಶುರುವಾಗುವ ಹೊತ್ತಿಗೆ ನನ್ನ ಮನಸ್ಸು ತಿಳಿಯಾಗಿತ್ತು. ಮಾವ ಓದುಬರಹ ಹೆಚ್ಚು ಬಲ್ಲವರಲ್ಲ, ಪುಸ್ತಕ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ, ತಂದುಬಿಟ್ಟರಾಯಿತು ಎಂದುಕೊಂಡಿದ್ದೆ. ಮನೆಗೆ ಹೋದರೆ ಮಾವ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಾರೆ. ಎದುರಿಗೆ ಗೋಡೆಗೆ ಒರಗಿಸಿದ ಮಣೆಯ ಮೇಲೆ ನನ್ನ ಯುದ್ಧದ ಪುಸ್ತಕ ತೆರೆದು ನಿಂತಿದೆ. ತೆರೆದಿದ್ದ ಪುಟ ನನಗೆ ಚೆನ್ನಾಗಿ ಗೊತ್ತು. ಯಾವುದೋ ದೇಶದ ಮುರಿದ ಗೋಡೆ, ಅದರ ಬುಡದಲ್ಲಿ ಒಬ್ಬ ಮುದುಕಿ, ಹೆಗಲ ಮೇಲೆ ಶಾಲು, ಮುಂದಕ್ಕೆ ಚಾಚಿದ ಒಂದು ಕೈ. ಆ ಶಾಲಿನ ಮೇಲೆ, ಚಾಚಿದ ಕೈಯ ಮೇಲೆ, ಗೋಡೆಯ ಮೇಲೆ ಎಲ್ಲ ಕಡೆ ಪೆನ್ಸಿಲಿನಲ್ಲಿ ಅಡ್ಡಗೆರೆ ಉದ್ದಗೆರೆ. ಸಾಲುಸಾಲು ಚೌಕ. ಚೌಕದೊಳಗೆ ಚುಕ್ಕೆ. ಅಂಚಿನಲ್ಲಿ ತೆಲುಗು ಅಂಕಿ.

"ಮಾವ, ಏನಿದು!"

"ಬರ್ರಿ ಅಳಿಯಂದ್ರೇ. ಚೌಕ."

"ಚೌಕ ನನಗೂ ಕಾಣುತ್ತೆ. ಯಾಕೆ ಹಾಕಿದ್ರಿ?"

"ಹಾಕ್ದೆ ಹೆಂಗ್ರಿ ನೋಡೋದು?" ಎಂದು ಅವರು ನಿಜವಾಗಿಯೂ ಆಶ್ಚರ್ಯದಿಂದ ನನ್ನನ್ನು ನೋಡಿದರು. "ನಮ್ಮ ಮನ್ಯಾಗಿರೋ ಚಿತ್ರಕ್ಕೆಲ್ಲ ಚೌಕ ಹಾಕೇ ಇರ್ತವೆ. ಇದ್ಕೆ ಇರಲಿಲ್ಲ. ಪಾಪ, ಪ್ರೆಸ್ಸಿನೋರು ಮರೆತಿರಬೇಕು ಅಂದ್ಕಂಡು ನಾನೇ ಹಾಕ್ದೆ. ಸ್ಕೇಲು ಇಟ್ಟೇ ಹಾಕೀನಿ, ನೋಡ್ರಿ."

ನೇಕಾರರು ಹೊಸ ಹೂವನ್ನು ಮಗ್ಗಕ್ಕೇರಿಸುವ ಮೊದಲು ಗ್ರಾಫ್ ಕಾಗದದ ಮೇಲೆ ಬರೆಯುತ್ತಾರೆ, ಒಂದು ಚೌಕಕ್ಕೆ ಇಷ್ಟು ಎಳೆ ಎಂದು ಎಣಿಸುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅರವತ್ತು ವರ್ಷ ಹಾಗೆಯೇ ನೋಡಿದ ಕಣ್ಣಿಗೆ ಚೌಕವಿಲ್ಲದ ಚಿತ್ರ ಅಪೂರ್ಣವಾಗಿ ಕಾಣುತ್ತದೆಂದು ನನಗೆ ಹೊಳೆದಿರಲಿಲ್ಲ. ಹೊಳೆಯುವ ಸ್ಥಿತಿಯಲ್ಲೂ ನಾನಿರಲಿಲ್ಲ. ದೊಡ್ಡ ಸಾಹೇಬರು ಬರುತ್ತಾರೆ, ಇದು ಅವರ ಪುಸ್ತಕ, ಹೀಗೆ ಗೀಚಿದ್ದನ್ನು ಅವರ ಮುಂದೆ ಹೇಗೆ ಹಿಡಿಯಲಿ ಎಂದು ಕೂಗಾಡಿದೆ. ಹೆಂಡತಿಯ ಸೋದರಮಾವನ ಮನೆಯಲ್ಲಿ ಎಷ್ಟು ಕೂಗಬಹುದೋ ಅಷ್ಟು. ಮಾವ ಎಲ್ಲ ಕೇಳಿ, "ಆತು, ಕುಂದ್ರಿ. ಸಿಟ್ಟು ಆಮ್ಯಾಲೆ ಮಾಡಾಣ, ಮೊದ್ಲು ಎಣಿಸ್ರಿ" ಎಂದರು.

ಎಣಿಸಿದೆ. ಶಾಲಿನ ಅಂಚಿನಲ್ಲಿ ಹೂವಿನ ಸಾಲಿತ್ತು. ಆರು ವರ್ಷದಿಂದ ಆ ಚಿತ್ರ ನೋಡುತ್ತ ಬಂದಿದ್ದೆ, ಹೂವನ್ನು ಅಂದೇ ಮೊದಲು ಕಂಡಿದ್ದು. ಒಂದು ಹೂವಿಗೆ ಇಪ್ಪತ್ತೆರಡು ಚೌಕ. ನಾಲ್ಕು ಹೂವು ಪೂರ್ತಿ ಇದ್ದವು. ಐದನೆಯದು ಹನ್ನೊಂದಕ್ಕೆ ನಿಂತಿತ್ತು.

"ಶಾಲು ಹರಿದಿರಬೇಕು," ಎಂದೆ.

"ಹರಿದ ಬಟ್ಟೆ ಹಿಂಗಿರಲ್ಲ. ಹರಿದ್ರೆ ಅಡ್ಡಾದಿಡ್ಡಿ ಹೋಗ್ತದೆ. ಇದು ಕೊಯ್ದಿರೋದು. ಮಗ್ಗದ ಮ್ಯಾಲೇ ಕೊಯ್ದವ್ಳೆ. ಹಾಸಿನ ಉದ್ದದ ಎಳೆ ನೋಡ್ರಿ, ಗೇಣುದ್ದ ಹಂಗೇ ಜೋತು ಬಿದ್ದಾವೆ, ಗಂಟೂ ಹಾಕಿಲ್ಲ." ಮಾವನ ಬೆರಳು ಚಿತ್ರವನ್ನು ಮುಟ್ಟದೆ ಅದರ ಮೇಲೆ ಓಡಾಡುತ್ತಿತ್ತು. "ಅರ್ಧ ಹೂವಿಗೆ ಯಾರೂ ಕೊಯ್ಯಲ್ಲ ಅಳಿಯಂದ್ರೇ. ನಮ್ಮಪ್ಪ ಸತ್ತಾಗ ಹೆಣ ಅಂಗಳದಾಗಿತ್ತು. ನಮ್ಮವ್ವ ಒಳಗೆ ಬಂದು, ಹಿಡಿದ ಹೂವು ಮುಗಿಸಿ ಏಳೋ ಅಂದ್ಲು. ಮುಗಿಸೇ ಎದ್ದೆ. ಅಂಥಾದ್ರಾಗೆ ಈವಮ್ಮ ಅರ್ಧಕ್ಕೆ ಕೊಯ್ದು ಮೈಮ್ಯಾಲೆ ಹಾಕ್ಕಂಡು ಬಂದವ್ಳೆ ಅಂದ್ರೆ, ಹಿಂದುಗಡೆ ಏನು ಬರ್ತಿತ್ತೋ ಏನೋ."

ನಾನು ಚಿತ್ರದ ಕೆಳಗಿನ ಇಂಗ್ಲಿಷ್ ಸಾಲು ನೋಡಿದೆ. 'ಭಿಕ್ಷೆಗೆ ಕೈಯೊಡ್ಡಿದ ಮುದುಕಿ' ಎಂದು ಅದರರ್ಥ. ಮಾವನಿಗೆ ಹೇಳಿದೆ.

"ಭಿಕ್ಷೆನಾ?" ಮಾವ ತಮ್ಮ ಕೈಯನ್ನೇ ಚಾಚಿ ತೋರಿಸಿದರು. "ಬೇಡೋ ಕೈ ಹಿಂಗಿರ್ತದೆ, ಅಂಗೈ ಮ್ಯಾಕೆ. ಇದು ಅರ್ಧ ಮುಚ್ಚೈತೆ. ಬೆರಳ ಸಂದ್ಯಾಗೆ ನೋಡ್ರಿ, ಎಳೆ ಅದಾವೆ. ಬಿಚ್ಚಿ ಹೋಗಬಾರದು ಅಂತ ಹಿಡ್ಕಂಡವ್ಳೆ. ಭಿಕ್ಷೆ ಅಲ್ರೀ ಅದು, ಪಾಪ. ಕೆಲ್ಸ."

ನಾನು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹೌದು, ಬೆರಳ ಸಂದಿಯಲ್ಲಿ ಕೂದಲಿನಷ್ಟು ತೆಳ್ಳಗೆ ಗೆರೆಗಳಿದ್ದವು. ಅವು ಪೆನ್ಸಿಲಿನವಲ್ಲ, ಚಿತ್ರದವು. ನನಗೆ ಇಂಗ್ಲಿಷ್ ಓದಲು ಬರುತ್ತಿದ್ದುದರಿಂದ ಮೊದಲ ದಿನವೇ ಕೆಳಗಿನ ಸಾಲು ಓದಿಬಿಟ್ಟಿದ್ದೆ, ಆಮೇಲೆ ಕಂಡದ್ದೆಲ್ಲ ಭಿಕ್ಷೆಯೇ. ಮಾವನಿಗೆ ಆ ತೊಂದರೆ ಇರಲಿಲ್ಲ. ಅವರು ಆ ಹೂವನ್ನು ಮಗ್ಗಕ್ಕೂ ಏರಿಸಿದ್ದರು. ಸೀರೆಯ ಅಂಚಿನಲ್ಲಿ ನಾಲ್ಕು ಹೂವು ಮುಗಿದಿದ್ದವು, ಐದನೆಯದು ನಡೆಯುತ್ತಿತ್ತು. "ಉಳಿದಿದ್ದು ಹನ್ನೊಂದು ಚೌಕ ತಾನೆ, ನಾವೇ ಮುಗಿಸಾಣ ಅಂತ" ಎಂದರು ಲಾಳಿ ಎಳೆಯುತ್ತ. ಆದರೂ ಪೆನ್ಸಿಲ್ ಗೀಟು ಗೀಟೇ ತಾನೆ? ಪುಸ್ತಕವನ್ನು ಟವಲಿನಲ್ಲಿ ಸುತ್ತಿಕೊಂಡು, ಮುಖ ಊದಿಸಿಕೊಂಡೇ ಬಸ್ಸು ಹತ್ತಿದೆ.

ಶುಕ್ರವಾರವೆಲ್ಲ ರಬ್ಬರು ಹಿಡಿದು ಕೂತೆ. ಒಂದು ಮೂಲೆ ಉಜ್ಜಿದ್ದೇ ತಡ ಚಿತ್ರದ ಹೊಳಪೇ ಎದ್ದು ಬಂತು. ಸುಮಿತ್ರಾ ನೋಡಿ, "ಮಾವ ಕಣ್ಣು ಕಳ್ಕಂಡು ಎಣಿಸವ್ರೆ, ಅಳಿಸಬ್ಯಾಡ್ರಿ" ಎಂದಳು. ಕೊನೆಗೆ ನನ್ನ ಬುದ್ಧಿಗೆ ತಕ್ಕ ಉಪಾಯ ಹೊಳೆಯಿತು. ಎರಡು ಅಗುಳು ಅನ್ನ ತಂದು, ಆ ಪುಟದ ತುದಿಯನ್ನು ಪಕ್ಕದ ಪುಟಕ್ಕೆ ಅಂಟಿಸಿಬಿಟ್ಟೆ. ಇನ್ನೂರು ಪುಟದಲ್ಲಿ ಒಂದು ತೆರೆಯದಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಶನಿವಾರ ಸಾಹೇಬರು ಜೀಪಿನಲ್ಲಿ ಬಂದರು. ಎಪ್ಪತ್ತರ ಆಸುಪಾಸು, ಸಣಕಲು ಮೈ, ಧೂಳು ಹಿಡಿದ ಬೂಟು, ಕೈಯಲ್ಲಿ ಒಂದೇ ಒಂದು ಪುಟ್ಟ ಕ್ಯಾಮೆರಾ. ನಾನು ಎರಡು ಕ್ಯಾಮೆರಾ, ಮೂರು ಲೆನ್ಸು, ಸ್ಟ್ಯಾಂಡು, ಕೊಡೆ ಹೊತ್ತು ನಿಂತಿದ್ದೆ. ಅವರ ಡ್ರೈವರು ನನ್ನನ್ನೇ ದೆಹಲಿಯವನೆಂದು ತಿಳಿದು ಸಲಾಮು ಹೊಡೆದ. ವರವು ಕಾವಲಿನಲ್ಲಿ ಸಾಹೇಬರು ಒಂದು ಗಂಟೆ ಕ್ಯಾಮೆರಾ ಮುಟ್ಟದೆ ದನಗಳನ್ನೇ ನೋಡುತ್ತ ನಿಂತರು. ದನ ಕಾಯುತ್ತಿದ್ದ ಹಿರಿಯನೊಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಲೇ, ನಿಮ್ಮ ಸಾಹೇಬ್ರು ಹೋರಿ ಕೊಳ್ಳಾಕೆ ಬಂದವ್ರಾ? ಹಂಗಿದ್ರೆ ಹಲ್ಲು ನೋಡಾಕೆ ಹೇಳು, ಬರೀ ಮೈ ನೋಡ್ತಾ ನಿಂತವ್ರಲ್ಲ" ಎಂದ.

ಮಧ್ಯಾಹ್ನ ಮನೆಯಲ್ಲಿ ಮುದ್ದೆ, ಬಸ್ಸಾರು. ಸಾಹೇಬರಿಗೆ ಮುದ್ದೆ ನುಂಗುವುದನ್ನು ಕಲಿಸಿದ್ದಾಯಿತು. ಆಮೇಲೆ ಎದೆ ಗಟ್ಟಿಮಾಡಿಕೊಂಡು ನನ್ನ ಆಲ್ಬಮ್ ಮುಂದಿಟ್ಟೆ. ಅವರು ಮೊದಲನೆಯದನ್ನು ನೋಡಿ "ನೈಸ್" ಎಂದರು. ಎರಡನೆಯದಕ್ಕೂ "ನೈಸ್". ಹತ್ತೂ ಚಿತ್ರಗಳಿಗೆ ಹತ್ತು ನೈಸ್, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬಿಂದಿಗೆ ಸಾಲಿನ ಯುದ್ಧಕ್ಕೂ ನೈಸ್, ಸುಟ್ಟುಹೋದ ಬಣವೆಗೂ ನೈಸ್. ಆರು ವರ್ಷ ಕಟ್ಟಿದ ಗೋಪುರ ಹತ್ತು ನೈಸುಗಳಲ್ಲಿ ಕುಸಿಯಿತು. ಮನಸ್ಸಿಗೆ ಎಷ್ಟು ನೋವಾಯಿತೆಂದು ಹೇಳಲಾರೆ. ನಗುತ್ತ ಆಲ್ಬಮ್ ಮುಚ್ಚಿ ಪುಸ್ತಕಗಳನ್ನು ಸಹಿಗೆ ಕೊಟ್ಟೆ.

ಕಲೆಗೆ ಸಹಿ ಬಿತ್ತು. ರಾಜಕೀಯಕ್ಕೂ ಬಿತ್ತು. ಯುದ್ಧವನ್ನು ಮಾತ್ರ ಅವರು ಸುಮ್ಮನೆ ತಿರುವತೊಡಗಿದರು. ಒಂದು ಕಡೆ ಹೆಬ್ಬೆರಳು ನಿಂತಿತು. ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ಇಲ್ಲಿ ಒಬ್ಬ ಹೆಂಗಸು ಇರಬೇಕಿತ್ತಲ್ಲ ಎಂದು ಇಂಗ್ಲಿಷಿನಲ್ಲಿ ಗೊಣಗಿದರು. ಹಡೆದವಳ ಮುಂದೆ ಮಗು ಬಚ್ಚಿಡಲು ಹೋದ ನನ್ನ ಬುದ್ಧಿಗೆ ಏನನ್ನಬೇಕು? ಅವರು ಉಗುರಿನಿಂದ ಮೆಲ್ಲಗೆ ಎಬ್ಬಿಸಿದರು, ಒಣಗಿದ ಅಗುಳು ಪಟ್ ಎಂದಿತು. ಪುಟ ತೆರೆಯಿತು.

ಸಾಹೇಬರು ಬಹಳ ಹೊತ್ತು ಆ ಚೌಕಗಳನ್ನು ನೋಡಿದರು. ಸಿಟ್ಟಾಗಲಿಲ್ಲ. ಇದೇನು ಎಂದು ಕೇಳಿದರು. ನನಗೆ ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬಾಯಿಗೆ ಬರುವುದು 'ಸ್ಮೈಲ್ ಪ್ಲೀಸ್' ಒಂದೇ. ಆದರೂ ಅಂದು ಬಂತು. ಚೌಕ ತೋರಿಸಿ, ಬೆರಳು ಮಡಚಿ ಎಣಿಸಿ, ಕತ್ತರಿಯಂತೆ ಕೈಯಾಡಿಸಿ, ಎದ್ದು ನಿಂತು ಎರಡು ಹೆಜ್ಜೆ ಓಡಿಯೂ ತೋರಿಸಿದೆ. "ಹಾಫ್ ಫ್ಲವರ್ ಸರ್. ನೋ ಫಿನಿಶ್. ಶಿ ಕಟ್, ಶಿ ರನ್. ನೋ ಭಿಕ್ಷೆ ಸರ್. ಥ್ರೆಡ್. ಶಿ ಹೋಲ್ಡ್ ಥ್ರೆಡ್." ಸಾಹೇಬರು ಪುಸ್ತಕವನ್ನು ಕಣ್ಣಿನ ಹತ್ತಿರ ತಂದರು. ಕನ್ನಡಕ ತೆಗೆದರು. ಒರೆಸಿ ಮತ್ತೆ ಹಾಕಿಕೊಂಡರು. ಆ ಚಿತ್ರ ತೆಗೆದು ಜೀಪು ಹತ್ತಿಬಿಟ್ಟೆ, ಅವಳ ಹೆಸರನ್ನೂ ಕೇಳಲಿಲ್ಲ, ಇಷ್ಟು ವರ್ಷ ಅವಳನ್ನು ಭಿಕ್ಷುಕಿ ಎಂದು ಲೋಕಕ್ಕೆಲ್ಲ ತೋರಿಸಿದೆ ಎಂದರು. ಅವರ ದನಿ ಸಣ್ಣದಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ಇದನ್ನು ಕಂಡುಹಿಡಿದದ್ದು ನೀವೇನಾ ಎಂದು ಕೇಳಿದರು.

ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಯಿತು. ಭಾಷೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಅವರ ಕಣ್ಣಲ್ಲಿ ಹತ್ತು ನೈಸಿನಲ್ಲಿ ಕಾಣದ ಒಂದು ಬೆಳಕಿತ್ತು, ಅದು ನನ್ನ ಮೇಲೆ ಬಿದ್ದಿತ್ತು. ಯುಗಾದಿಗೆ ಬರೆದ ಪತ್ರದ ವಾಕ್ಯ ನೆನಪಿಗೆ ಬರಬೇಕಾಗಿದ್ದ ಗಳಿಗೆ ಅದು. ಬರಲಿಲ್ಲ.

"ಯೆಸ್ ಸರ್," ಎಂದೆ.

ಅವರು ಮೊದಲ ಪುಟದಲ್ಲಿ ಮಸಿ ಪೆನ್ನಿನಿಂದ ನನ್ನ ಹೆಸರು ಬರೆದು, ಅದರ ಕೆಳಗೆ ಒಂದು ಸಾಲು ಬರೆದರು: 'ಎಣಿಸಿ ನೋಡಿದವನಿಗೆ, ಬರೀ ಫೋಟೋ ತೆಗೆದವನಿಂದ.' ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಜೀಪು ಹೊರಟಿದ್ದು ಬಳ್ಳಾರಿಗೆ. ಗುರುವಾರ ನಾನು ಬಸ್ಸಿನಲ್ಲಿ ಹೋಗಿದ್ದ ಅದೇ ದಾರಿ. ಒಂದು ಮಾತು ಹೇಳಿದ್ದರೆ ಮೊಳಕಾಲ್ಮೂರಿಗೆ ತಿರುಗಿಸಿ, ಮಗ್ಗದ ಮುಂದೆ ಕೂತು, ಐದನೇ ಹೂವನ್ನು ಕಣ್ಣಾರೆ ನೋಡಿ ಹೋಗುತ್ತಿದ್ದರು. ಜೀಪಿನ ಧೂಳು ಅಡಗುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಒಳಗಿನಿಂದ ಸುಮಿತ್ರಾ ಕೇಳಿದಳು, "ಮಾವನ ಹೆಸರು ಹೇಳಿದ್ರಾ?"

"ಹೇಳ್ದೆ," ಎಂದೆ. ಒಂದು ಸುಳ್ಳಿಗೆ ಜೊತೆ ಬೇಕಲ್ಲ.

ಆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹುಡುಗಿಯರ ಕೈಗೆ ರಾಜಕೀಯ ಬಂತು. ದೊಡ್ಡವರ ಸಹಿಯ ಪುಸ್ತಕವೆಂದು ಜಂಬದಿಂದ ಮುಚ್ಚಿಟ್ಟಿದ್ದಾನೆ ಎಂದು ಜನ ಅಂದರು. ನಾನು ಅದನ್ನು ತೆರೆಯಲಾರದೆ ಮುಚ್ಚಿಟ್ಟಿದ್ದೆ. ಮಾವ ಮನೆಗೆ ಬಂದಾಗಲೆಲ್ಲ ನನಗೆ ಸ್ಟುಡಿಯೋದಲ್ಲಿ ತುರ್ತು ಕೆಲಸ ಬೀಳುತ್ತಿತ್ತು. "ಅಳಿಯಂದ್ರಿಗೆ ಇನ್ನೂ ಗೀಟಿನ ಸಿಟ್ಟು ಹೋಗಿಲ್ಲ" ಎಂದು ಅವರು ಸುಮಿತ್ರಳ ಹತ್ತಿರ ಪೇಚಾಡಿಕೊಂಡರಂತೆ. ಇದನ್ನು ಕೇಳಿದಾಗ ನೆಲ ಬಿರಿಯಬಾರದೇ ಅನ್ನಿಸಿತು. ಬಿರಿದಿದ್ದರೂ ಇಳಿಯುವ ಧೈರ್ಯ ಇರಲಿಲ್ಲ ಬಿಡಿ.

ಎರಡು ವರ್ಷದ ಮೇಲೆ ದೆಹಲಿಯಿಂದ ರಿಜಿಸ್ಟರ್ ಅಂಚೆಯಲ್ಲಿ ಒಂದು ಭಾರದ ಕಟ್ಟು ಬಂತು. ಯುದ್ಧದ ಪುಸ್ತಕದ ಹೊಸ ಮುದ್ರಣ. ಆ ಪುಟ ತೆರೆದೆ. ಮುದುಕಿ ಹಾಗೆಯೇ ಇದ್ದಳು, ಕೆಳಗಿನ ಸಾಲು ಬದಲಾಗಿತ್ತು. 'ಅರ್ಧಕ್ಕೆ ಕೊಯ್ದ ಬಟ್ಟೆಯ ಎಳೆಗಳನ್ನು ಹಿಡಿದು ಕೂತ ನೇಕಾರ್ತಿ' ಎಂಬ ಅರ್ಥದ ಸಾಲು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇದನ್ನು ಗುರುತಿಸಿದವರು ಎಂದು, ನನ್ನ ಹೆಸರು, ಪಕ್ಕದಲ್ಲಿ ಚಳ್ಳಕೆರೆ. ಅಚ್ಚಿನಲ್ಲಿ ನನ್ನ ಹೆಸರು! ಹುಟ್ಟಿದ ಮೇಲೆ ಮೊದಲ ಸಲ. ನಲವತ್ತೈದು ವರ್ಷ ಕಾದ ತುರಿಕೆ, ಅದನ್ನು ಕೆರೆಯುವ ಕೈಯೇ ಬಂದು ನಿಂತಿದೆ, ನನಗೆ ಮಾತ್ರ ಮೈಯೆಲ್ಲ ತಣ್ಣಗಾಯಿತು. ಸುಮಿತ್ರಳಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಸ್ಟುಡಿಯೋದ ಬೋರ್ಡಿನಲ್ಲಿ ನನ್ನ ಹೆಸರಿನ ಇಂಗ್ಲಿಷ್ ಅಕ್ಷರ ದಿನಾ ನೋಡುತ್ತಾಳೆ. ಬೆರಳಿಟ್ಟು ಕೇಳಿದಳು.

"ಇದು ನಿಮ್ಮ ಹೆಸರು. ಮಾವಂದು ಎಲ್ಲೈತೆ?"

ನಾನು ಪುಸ್ತಕ ಮುಚ್ಚಲು ಹೋದೆ. ಅವಳು ಅರ್ಥಮಾಡಿಕೊಳ್ಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗಿಂದ ಟವಲು ತಂದು ಪುಸ್ತಕ ಸುತ್ತಿ ಕೈಗೆ ಕೊಟ್ಟು, "ಹತ್ತು ಗಂಟೆ ಬಸ್ಸು ಐತೆ" ಎಂದಳು.

ಮಾವ ಅದೇ ಗುಂಡಿಯಲ್ಲಿ, ಅದೇ ಮಗ್ಗದ ಮುಂದೆ ಇದ್ದರು. ನನ್ನನ್ನು ನೋಡಿ ಅವರ ಮುಖ ಅರಳಿದ ರೀತಿ ನೋಡಿ ನನಗೆ ಮತ್ತಷ್ಟು ಕಷ್ಟವಾಯಿತು. ಪುಸ್ತಕ ಬಿಚ್ಚಿ ಪುಟ ತೆರೆದು ಅವರ ಮುಂದಿಟ್ಟೆ. ಅವರು ಬಗ್ಗಿ ನೋಡಿದರು. ಹತ್ತಿರದಿಂದ ನೋಡಿದರು. ಹಣೆ ಗಂಟಿಕ್ಕಿತು.

"ಅಯ್ಯೋ ರಾಮಾ, ಈ ಸಲಾನೂ ಚೌಕ ಹಾಕಿಲ್ವಲ್ರೀ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅಗುಳು ಅಂಟಿಸಿದ್ದು, ಓಡಿ ತೋರಿಸಿದ್ದು, ಯೆಸ್ ಸರ್ ಎಂದದ್ದು, ಜೀಪು ಇದೇ ದಾರಿಯಲ್ಲಿ ಹೋದದ್ದು. ಎರಡು ವರ್ಷದಿಂದ ತಪ್ಪಿಸಿಕೊಂಡು ತಿರುಗಿದ್ದು ಗೀಟಿನ ಸಿಟ್ಟಿಗಲ್ಲ ಎಂದೂ ಹೇಳಿದೆ. ಮಾವನ ಕೈಯಲ್ಲಿ ಲಾಳಿ ನಿಂತಿತ್ತು. ಜೀಪಿನ ವಿಷಯಕ್ಕೆ ಅವರಿಗೆ ಬೇಜಾರಾಯಿತೆಂದು ನನಗೆ ಗೊತ್ತಾಯಿತು. "ಹೂವು ತೋರಿಸಬೋದಿತ್ತು ಅವರಿಗೆ. ಆ ಸೀರೆ ಈಗ ಯಾವ ಊರಾಗೈತೋ" ಎಂದರು. ಆಮೇಲೆ ಪುಟದ ಕೆಳಗೆ ಬೆರಳಿಟ್ಟು ಕೇಳಿದರು:

"ಇಲ್ಲಿ ಆವಮ್ಮನ ಹೆಸರು ಐತಾ?"

"ಇಲ್ಲ ಮಾವ. ಅದು ಸಾಹೇಬರಿಗೂ ಗೊತ್ತಿಲ್ಲ."

"ನೇಯ್ದೋಳ ಹೆಸರೇ ಇಲ್ಲ, ಎಣಿಸಿದೋನದ್ಯಾಕ್ರಿ ಬೇಕು?" ಎಂದು ಮಾವ ಕಾಲ್ಮಣೆ ತುಳಿದರು. ಮಗ್ಗ ಮತ್ತೆ ಸದ್ದು ಮಾಡಿತು. "ನಿಮ್ಮದು ಹೆಂಗೂ ಬಿದ್ದೈತೆ, ಇರ್ಲಿ ಬಿಡ್ರಿ. ಆದ್ರೆ ಸಾಹೇಬ್ರಿಗೆ ಒಂದು ಕಾಗದ ಹಾಕ್ರಿ, ಮುಂದಿನ ಸಲನಾದ್ರೂ ಚೌಕ ಹಾಕಿ ಅಚ್ಚು ಮಾಡಿಸ್ಲಿ. ನೋಡೋರಿಗೆ ಅನುಕೂಲ ಆಗ್ತೈತೆ."

ಸಾಹೇಬರಿಗೆ ಕಾಗದ ಬರೆದೆ. ಸುಮಿತ್ರಾ ಪಕ್ಕದಲ್ಲಿ ಕೂತು ಬರೆಸಿದಳು, ಹೈಸ್ಕೂಲಿನ ಮೇಷ್ಟ್ರೊಬ್ಬರು ಇಂಗ್ಲಿಷು ಮಾಡಿಕೊಟ್ಟರು. ಕದಿರಪ್ಪ ಎಂಬ ಹೆಸರನ್ನು ಮೂರು ಸಲ ಬರೆಸಿದ್ದೇನೆ, ಚೌಕದ ಕೋರಿಕೆಯನ್ನೂ ಬಿಟ್ಟಿಲ್ಲ. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಸುಮ್ಮನೆ ಕೂರಲಾರದೆ ನಡೆದದ್ದನ್ನೆಲ್ಲ ಒಂದು ಲೇಖನವಾಗಿ ಬರೆದು, ಹಳೆಯ ರೂಢಿಯಂತೆ ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಮ್ಮ ಜಿಲ್ಲಾ ಪತ್ರಿಕೆಗೆ ಕಳಿಸಿದೆ. ಮಾರನೆಯ ದಿನ ಸಂಪಾದಕರಿಗೆ ಫೋನು ಮಾಡಿ, ಮನಸ್ಸು ಗಟ್ಟಿಮಾಡಿಕೊಂಡು, ಹಬ್ಬಕ್ಕೊಂದು ಪತ್ರ ಬರೆದ ಪಾಪಕ್ಕೆಲ್ಲ ಪ್ರಾಯಶ್ಚಿತ್ತವೆಂಬಂತೆ ಹೇಳಿದೆ, ಸಾರ್, ದಯವಿಟ್ಟು ಅದರ ಕೆಳಗೆ ನನ್ನ ಹೆಸರು ಹಾಕಬೇಡಿ.

ಆ ಕಡೆಯಿಂದ ಸಂಪಾದಕರು ಕೇಳಿದರು:

"ಯಾವತ್ತು ಹಾಕಿದ್ವಿ ಕಣ್ರೀ?"